ಅಜ್ಜಿಯ ಕುರ್ಚಿ ಯಾವುದು?

ಹೋದ ವರ್ಷ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಆಗ ಮೊಮ್ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಹಳೆಯ ಕುರ್ಚಿಯೊಂದನ್ನು ನೋಡಿ ಅದರ ಕತೆ ಬರೆಯಬೇಕು. ಅವರ ಮನೆಯ ಕುರ್ಚಿ, ಮೇಜು ಎಲ್ಲವೂ ರಟ್ಟಿನ ಡಬ್ಬದಲ್ಲಿ ಬಂದದ್ದು, ಅಳಿಯಂದಿರು ತಿರುಪು ಹಾಕಿ ಜೋಡಿಸಿದ್ದು. ಆ ಮನೆಯಲ್ಲಿ ಹಳೆಯದೆಂದರೆ ನಾನೊಬ್ಬಳೇ!

ಹಾಗಾಗಿ ಮಗಳು ನಮ್ಮಿಬ್ಬರನ್ನೂ ಮ್ಯಾಸಚೂಸೆಟ್ಸ್ ರಾಜ್ಯದ ಹ್ಯಾನ್‌ಕಾಕ್ ಎಂಬ ಶೇಕರ್ ಹಳ್ಳಿಗೆ ಕರೆದೊಯ್ದಳು. ಈಗ ಅದು ವಸ್ತುಸಂಗ್ರಹಾಲಯ. 1774ರಲ್ಲಿ ಆನ್ ಲೀ ಎಂಬಾಕೆ ಕೆಲವೇ ಜನರೊಡನೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದು ಬೆಳೆಸಿದ ಪಂಥ ಶೇಕರರದು. ಮದುವೆಯಿಲ್ಲ, ಸ್ವಂತ ಆಸ್ತಿಯಿಲ್ಲ, ಆಡಂಬರವಿಲ್ಲ. ಮುಂದೆ ಶ್ರೀಮಂತರ ಮನೆಗಳಲ್ಲಿ ಮಖಮಲ್ಲು ಹೊದಿಸಿದ, ಹೂಬಳ್ಳಿ ಕೆತ್ತಿದ ವಿಕ್ಟೋರಿಯನ್ ಕುರ್ಚಿಗಳು ತುಂಬಿಕೊಂಡಾಗಲೂ ಇವರ ಕುರ್ಚಿಗೆ ಒಂದು ಹೂವೂ ಬರಲಿಲ್ಲ. ನೆಟ್ಟಗಿನ ಕಾಲು, ಬೆನ್ನಿಗೆ ಏಣಿಯಂತೆ ಅಡ್ಡಪಟ್ಟಿ, ಕೂರಲು ಬಟ್ಟೆಯ ಪಟ್ಟಿಯ ಹೆಣಿಗೆ.

“ಅಯ್ಯೋ, ಇದು ನಮ್ಮ ನವಾರಿನ ಮಂಚ ಕಣೇ!” ಎಂದೆ.

ಗೋಡೆಯ ಉದ್ದಕ್ಕೂ ಮರದ ಗೂಟಗಳು. ನೆಲ ಗುಡಿಸುವಾಗ ಕುರ್ಚಿಗಳನ್ನು ಎತ್ತಿ ಅವುಗಳಿಗೆ ತಗುಲಿಸಿಬಿಡುತ್ತಿದ್ದರಂತೆ. ಅದೂ ತಲೆಕೆಳಗಾಗಿ, ಕೂರುವ ಜಾಗಕ್ಕೆ ದೂಳು ಬೀಳದ ಹಾಗೆ. ಎಂಥ ಉಪಾಯ ನೋಡಿ! ಪಕ್ಕದ ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನಾನ್‌ನಲ್ಲಿದ್ದ ಶೇಕರರು ಕುರ್ಚಿ ಮಾಡಿ ಮಾರುತ್ತಲೂ ಇದ್ದರು. ಅಳತೆಗೆ ತಕ್ಕಂತೆ ನಂಬರು: 0 ಪುಟ್ಟ ಮಕ್ಕಳಿಗೆ, 7 ಎಲ್ಲಕ್ಕಿಂತ ದೊಡ್ಡದು.

ವಾಪಸು ಬರುವಾಗ ಕಾರಿನಲ್ಲಿ ಮೊಮ್ಮಗಳು ಕೇಳಿದಳು, “ಅಜ್ಜಿ, ನಿಮ್ಮ ಮನೇಲಿ ಯಾವ್ಯಾವ ಕುರ್ಚಿ ಇತ್ತು?”

ಭದ್ರಾವತಿಯ ಕಾಗದನಗರದಲ್ಲಿ ನಮ್ಮದು ಎರಡು ಕೋಣೆಯ ಕ್ವಾರ್ಟರ್ಸ್. ಯಜಮಾನರಿಗೆ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಕೆಲಸ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಶುರುವಾದ ಕಂಪನಿ ಅದು. ಬಾಗಿಲ ಹಿಂದೆ ಎರಡು ಕಬ್ಬಿಣದ ಮಡಚು ಕುರ್ಚಿ, ನೆಂಟರು ಬಂದರೆ ಬಿಚ್ಚುವುದು. ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳು. ಕಂತಿನಲ್ಲಿ ಕೊಂಡ ಸ್ಟೀಲ್ ಬೀರು. ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳ ಕಾಲ ಬಂತು.

ಇವೆಲ್ಲದರ ನಡುವೆ ರಾಜನಂತೆ ಒಂದು ಆರಾಮ ಕುರ್ಚಿ. ಸಾಗುವಾನಿ ಮರದ್ದು, ಕ್ಯಾನ್‌ವಾಸ್ ಬಟ್ಟೆಯದು, ಬ್ರಿಟಿಷರ ಬಂಗಲೆಗಳಲ್ಲಿ ಇರುತ್ತಿದ್ದಂಥದ್ದು. ಯಜಮಾನರು ರಾತ್ರಿ ಪಾಳಿ ಮುಗಿಸಿ ಬಂದು ಅದರಲ್ಲಿ ಒರಗುತ್ತಿದ್ದರು. ಪತ್ರಿಕೆ ಕೈಗೆ ಬಂದರೆ ಓದುವ ಮೊದಲು ಹಾಳೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುವುದು. “ನಮ್ಮದೇ ಕಾಗದ ಇರಬೇಕು,” ಎಂದು ಹೇಳಿ ನಗುವುದು.

“ಅದು ತಾತನ ಕುರ್ಚಿ. ನಿನ್ನದು ಯಾವುದಜ್ಜಿ?”

ತಕ್ಷಣ ಉತ್ತರ ಹೊಳೆಯಲಿಲ್ಲ. ನಾನು ಕೂರುತ್ತಿದ್ದದ್ದು ಈಳಿಗೆಮಣೆಯ ಮೇಲೆ. ಊಟಕ್ಕೆ ಹಲಸಿನ ಮಣೆ. ಆರಾಮ ಕುರ್ಚಿಯಲ್ಲಿ ಕೂರಬೇಡ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಕೂತುಕೋ ಎಂದೂ ಹೇಳಿರಲಿಲ್ಲ. ನನಗೂ ತೋಚಿರಲಿಲ್ಲ. ಆ ಶೇಕರರ ಮನೆಯಲ್ಲಿ ಹೆಂಗಸರಿಗೆ ಒಂದು ಬಾಗಿಲು, ಗಂಡಸರಿಗೆ ಇನ್ನೊಂದು. ಕುರ್ಚಿ ಮಾತ್ರ ಇಬ್ಬರಿಗೂ ಒಂದೇ ಬಗೆಯದು. ಅದು ಯಾಕೋ ಮನಸ್ಸಿನಲ್ಲೇ ಕೂತುಬಿಟ್ಟಿತು.

ಮೊಮ್ಮಗಳು ಶೇಕರ್ ಕುರ್ಚಿಯನ್ನು ಬಿಟ್ಟು ಈಳಿಗೆಮಣೆಯ ಚಿತ್ರ ಬರೆದಳು. ಕೆಳಗೆ ದೊಡ್ಡದಾಗಿ “ನಂಬರ್ 0” ಎಂದು ಹಾಕಿದಳು.

ಯಜಮಾನರು ಹೋಗಿ ಆರು ವರ್ಷ. ಆರಾಮ ಕುರ್ಚಿ ಈಗ ಶಿವಮೊಗ್ಗದಲ್ಲಿ ಮಗನ ಮನೆಯ ವರಾಂಡದಲ್ಲಿದೆ. ಒಗೆದ ಬಟ್ಟೆ ಪೇರಿಸಲು ಅದು ನನಗೆ ಅನುಕೂಲವಾಗಿತ್ತು. ಊರಿಗೆ ಬಂದ ಮರುದಿನ ಬಟ್ಟೆಯನ್ನೆಲ್ಲ ತೆಗೆದು ಕೂತೆ. ಕ್ಯಾನ್‌ವಾಸ್ ಟರ್ ಎಂದು ಒಳಗೆ ಇಳಿಯಿತು, ನಾನೂ ಇಳಿದೆ. ಏಳೋಣವೆಂದರೆ ಆಗುತ್ತಿಲ್ಲ! ಮಗನ ಮಗ ಓಡಿ ಬಂದು ಕೈ ಹಿಡಿದು ಎಳೆದ. ಅವನಿಗೆ ನಗುವೋ ನಗು.

“ಏಳು ಅಜ್ಜಿ, ಈಗ ನಾನು ಕೂರ್ತೀನಿ.”

“ಪೇಪರ್ ತಂದುಕೊಡೋ, ಓದಿ ಏಳ್ತೀನಿ,” ಎಂದೆ. ಅವತ್ತು ಜಾಹೀರಾತನ್ನೂ ಬಿಡದೆ ಓದಿದೆ.