ಕೇಳಿಕೊಂಡು ಹೋದವರು

ಹಿರಿಯೂರು ಬಿಟ್ಟು ಶಿರಾ ಕಡೆಗೆ ಹೊರಟರೆ ಹೆದ್ದಾರಿಯಲ್ಲಿ ಸಿಗುವ ಜವನಗೊಂಡನಹಳ್ಳಿಯನ್ನು ಎಷ್ಟೋ ಜನ ಬಸ್ಸಿನ ಕಿಟಕಿಯಿಂದಷ್ಟೇ ಕಂಡಿದ್ದಾರೆ. ಒಂದಿಷ್ಟು ಅಂಗಡಿ, ಹೋಟೆಲು, ಎಳನೀರಿನ ರಾಶಿ, ಆಮೇಲೆ ಮತ್ತೆ ಬಯಲು. ಆದರೆ ಈ ಸೀಮೆಯಲ್ಲಿ ಇಳಿದು ಅಳೆದವರು, ಅಗೆದವರು, ಪ್ರಶ್ನೆ ಕೇಳಿ ಬರೆದುಕೊಂಡವರು ನೂರು ವರ್ಷಕ್ಕೂ ಮೇಲ್ಪಟ್ಟು ಬರುತ್ತಲೇ ಇದ್ದಾರೆ. ಕಲ್ಲಿನವರು, ಮಳೆಯವರು, ನೀರಿನವರು, ಹಾಡಿನವರು, ಕಾಡುಪ್ರಾಣಿಯವರು. ಇವರ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವುದು ನನಗೆ ಬಲು ಪ್ರೀತಿಯ ಕೆಲಸ. ಒಂದೇ ಮನೆಗೆ ಬೇರೆ ಬೇರೆ ದಿನ ಬಂದುಹೋದ ನೆಂಟರ ಹಾಗೆ ಇವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಕಲ್ಲಿನಿಂದಲೇ ಶುರುಮಾಡೋಣ. ಐಮಂಗಲದ ಬಳಿ ಮರಡಿಹಳ್ಳಿ ಅಂತ ಊರಿದೆ. ಅಲ್ಲಿನ ಬಂಡೆಗಳಲ್ಲಿ ದಿಂಬು ಜೋಡಿಸಿಟ್ಟಂಥ ಆಕಾರಗಳು ಕಾಣುತ್ತವೆ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರಿಗೆ ತಾಗಿದ ಕೂಡಲೇ ಮೇಲ್ಪದರ ಗಟ್ಟಿಯಾಗಿ, ಒಳಗಿನದು ಉಬ್ಬಿ, ಹಾಗೆ ದಿಂಬುದಿಂಬಾಗಿ ನಿಂತುಬಿಡುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಸೀಮೆ ಒಂದಾನೊಂದು ಕಾಲಕ್ಕೆ ಕಡಲ ತಳವಾಗಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಲ್ಲು ಅಲ್ಲಿಗೇ ಸುಮ್ಮನಾಗುವುದಿಲ್ಲ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ನೀರು ಗಟ್ಟಿಕಲ್ಲಿನ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತದ್ದಾಗಿರುತ್ತದೆ. ಆ ಕಲ್ಲಿನ ಖನಿಜಗಳಿಂದ ಫ್ಲೋರೈಡ್ ಬಿಟ್ಟುಕೊಂಡು ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಸಲ್ಲದು ಎಂಬುದು ಮಿತಿ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಅದು ದಾಟಿದೆ. ಭೂವಿಜ್ಞಾನಿಯ ಲೇಖನದಲ್ಲಿ ಇದು ಖನಿಜದ ಕಥೆ. ದಂತವೈದ್ಯರ ಲೇಖನದಲ್ಲಿ ಶಾಲೆಯ ಮಕ್ಕಳ ಕಂದುಬಿದ್ದ ಹಲ್ಲಿನ ಕಥೆ. ಹಲ್ಲು ತೋರಿಸಿದ ಮಗುವಿನ ತಾಯಿಗೆ ಈ ಎರಡೂ ಒಂದೇ ಕಥೆ. ಆದರೆ ಅದನ್ನು ಆಕೆಗೆ ಒಂದಾಗಿ ಹೇಳುವವರು ಯಾರು?

ಒಬ್ಬನೇ ಮನುಷ್ಯ ಎರಡು ಶಾಸ್ತ್ರಗಳನ್ನು ಹೊತ್ತು ತಿರುಗಿದ ಕಾಲವೂ ಇತ್ತು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಹೊಣೆ ಹೊತ್ತವರು ರಾಬರ್ಟ್ ಬ್ರೂಸ್ ಫೂಟ್. ಬಂಡೆ ನೋಡುತ್ತ ನಡೆದವರಿಗೆ ಹಾದಿಯಲ್ಲಿ ಕಲ್ಲಿನ ಕೊಡಲಿ ಸಿಕ್ಕರೆ ಅದನ್ನೂ ಬಿಡದೆ ಎತ್ತಿಕೊಳ್ಳುತ್ತಿದ್ದರು. ಹಾಗಾಗಿಯೇ ದಕ್ಷಿಣ ಭಾರತದ ಪ್ರಾಗಿತಿಹಾಸ ಅವರ ಹೆಸರಿನಿಂದ ಶುರುವಾಗುತ್ತದೆ.

ಪ್ರಾಗಿತಿಹಾಸ ಎಂದ ಮೇಲೆ ಮೊಳಕಾಲ್ಮೂರಿನ ಬ್ರಹ್ಮಗಿರಿಯ ಮಾತು ಬಂದೇ ಬರುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಗುರುತಿಸಿದ ಜಾಗ ಅದು. ಆಮೇಲೆ ಎಂ.ಎಚ್. ಕೃಷ್ಣ ಅಲ್ಲಿ ಅಗೆದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬಂದು ಪದರ ಪದರವಾಗಿ ಅಗೆಸಿದರು: ಕೆಳಗೆ ಕಲ್ಲುಕೊಡಲಿಯವರು, ನಡುವೆ ಬೃಹತ್ ಶಿಲಾಗೋರಿಯವರು, ಮೇಲೆ ಶಾತವಾಹನರ ಕಾಲದವರು. ಕಾಲ ಗೊತ್ತುಮಾಡಲು ವೀಲರ್ ಅವರಿಗಿದ್ದ ಆಧಾರ ಪುದುಚೇರಿಯ ಬಳಿಯ ಅರಿಕಮೇಡಿನ ಮಡಕೆ ಚೂರು. ರೋಮಿನ ವ್ಯಾಪಾರದ ಸರಕಿನ ಜೊತೆ ಅಲ್ಲಿ ಸಿಕ್ಕಂಥದೇ ಚೂರು ಇಲ್ಲೂ ಸಿಕ್ಕಿತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿ, ಕಲ್ಲುಕೊಡಲಿಯವರು ಕ್ರಿಸ್ತಪೂರ್ವ 1000ದ ಸುಮಾರಿಗೆ ಬಂದವರಿರಬೇಕು ಅಂದರು. ಮುಂದೆ ಕಾರ್ಬನ್ ಪರೀಕ್ಷೆ ಬಂತು. ದಕ್ಷಿಣದ ಇಂಥ ನೆಲೆಗಳ ಇದ್ದಿಲು ಪರೀಕ್ಷಿಸಿದಾಗ ಆ ಕಾಲ ಇನ್ನೂ ಸಾವಿರ ವರ್ಷಕ್ಕೂ ಹಿಂದಕ್ಕೆ ಸರಿಯಿತು. ಮಡಕೆಯ ವಿದ್ಯೆ ಬಲ್ಲವರು ಹೇಳಿದ್ದನ್ನು ಪರಮಾಣುವಿನ ವಿದ್ಯೆ ಬಲ್ಲವರು ತಿದ್ದಿದರು. ಇದರಲ್ಲಿ ಯಾರಿಗೂ ಅವಮಾನವಿಲ್ಲ. ವಿದ್ಯೆ ಬೆಳೆಯುವುದೇ ಹಾಗೆ.

ಇದಿಷ್ಟೂ ಹಳೆಯ ಮಾತಾಯಿತು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು ಶೇಂಗಾದ ಮೇಲೆ ನಡೆದ ಒಂದು ಅಧ್ಯಯನ. ನಮ್ಮ ಪಕ್ಕದ ಪಾವಗಡದಲ್ಲಿ ನಡೆದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರನ್ನೇ ಬದುಕಾಗಿಸಿಕೊಂಡಿದ್ದ ಸುಲೋಚನಾ ಗಾಡ್ಗೀಳ್ ಅವರೂ, ಪಾವಗಡ ಸೀಮೆಯವರೇ ಆಗಿ ಸ್ವತಃ ಬೇಸಾಯ ಬಲ್ಲ ಪಿ.ಆರ್. ಶೇಷಗಿರಿ ರಾವ್ ಅವರೂ ಜೊತೆಗಾರರೊಡನೆ ಸೇರಿ ಮಾಡಿದ ಕೆಲಸ, 2002ರಲ್ಲಿ ಅಚ್ಚಾಯಿತು. ಬಿತ್ತನೆ ಯಾವಾಗ ಮಾಡಿದರೆ ನಷ್ಟ ಕಡಿಮೆ ಎಂಬುದೇ ಪ್ರಶ್ನೆ. ಪ್ರಶ್ನೆ ರೈತನದು, ಲೆಕ್ಕ ವಿಜ್ಞಾನಿಯದು. ಅನಂತಪುರದಲ್ಲಿ ದಶಕಗಳಿಂದ ಬರೆದಿಟ್ಟ ಮಳೆಯ ದಾಖಲೆಯನ್ನು ಶೇಂಗಾ ಬೆಳೆಯುವ ಬಗೆಯನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗೆ ಕೊಟ್ಟು, ಪ್ರತಿ ವರ್ಷವೂ ಇಂಥ ದಿನ ಬಿತ್ತಿದ್ದರೆ ಎಷ್ಟು ಬೆಳೆ ಬರುತ್ತಿತ್ತು ಎಂದು ನೋಡಿದರು. ಆರಿದ್ರಾ ಮಳೆಗೆ ಅವಸರದಿಂದ ಬಿತ್ತುವುದಕ್ಕಿಂತ ಜುಲೈ ನಡುವಿನವರೆಗೆ ಕಾದು, ಅಂದರೆ ಪುನರ್ವಸು ಮುಗಿದು ಪುಷ್ಯ ಹಿಡಿಯುವ ಹೊತ್ತಿಗೆ ಬಿತ್ತಿದರೆ ಅಪಾಯ ಕಡಿಮೆ ಎಂದು ಕಂಡಿತು. ಕಾರಣವೂ ನೆಲದಲ್ಲೇ ಇದೆ. ಈ ಸೀಮೆಗೆ ಜೋರು ಮಳೆ ಬರುವುದು ಸೆಪ್ಟೆಂಬರಿನ ಆಸುಪಾಸಿಗೆ. ಕಾಯಿ ತುಂಬುವ ಹೊತ್ತು ಆ ಮಳೆಗೆ ಸಿಕ್ಕಬೇಕು.

ಮಳೆ ನಕ್ಷತ್ರ ಎಣಿಸುವ ಅಜ್ಜನೂ ಮುಂಗಾರಿನ ವಿಜ್ಞಾನಿಯೂ ಒಂದೇ ಹೊಲದ ಬದುವಿನಲ್ಲಿ ಕೂತು ಮಾತಾಡಿದ್ದರ ಫಲ ಇದು. ಹವಾಮಾನ, ಬೇಸಾಯ, ಗಣಿತ, ಅರ್ಥಶಾಸ್ತ್ರ ನಾಲ್ಕೂ ಒಂದು ಶೇಂಗಾ ಗಿಡದ ಬುಡದಲ್ಲಿ ಕೂಡಿವೆ. ಸಂಶೋಧನೆ ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಇನ್ನು ಹಟ್ಟಿಗಳ ಕಡೆ ಹೋಗೋಣ. ಹಿರಿಯೂರು, ಚಳ್ಳಕೆರೆ, ಶಿರಾ ಸುತ್ತಿನ ಗೊಲ್ಲರಹಟ್ಟಿಗಳಲ್ಲಿ ಗಣೆ ಎಂಬ ಉದ್ದ ಕೊಳಲು ಊದಿ, ಕಾಡುಗೊಲ್ಲರ ವೀರ ಜುಂಜಪ್ಪನ ಕಾವ್ಯ ಹಾಡುವವರಿದ್ದಾರೆ. ಕಾಡುಗೊಲ್ಲರ ನಂಬಿಕೆ, ನಡಾವಳಿಗಳನ್ನು ತೀ.ನಂ. ಶಂಕರನಾರಾಯಣ ಬಹುಕಾಲ ಹಿಂದೆಯೇ ಕೂಲಂಕಷವಾಗಿ ದಾಖಲಿಸಿದರು. ಓದುಬರಹ ಬಾರದ ಸಿರಿಯಜ್ಜಿ ನೆನಪಿನಿಂದ ಹಾಡಿದ ಪದಗಳನ್ನು ಕೃಷ್ಣಮೂರ್ತಿ ಹನೂರು ಕೂತು ಕೇಳಿ ಬರೆದುಕೊಂಡರು. ಆ ಅಜ್ಜಿಗೆ ನಾಡೋಜ ಗೌರವ ಸಂದಿತು. ಇದೇ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಹಸಿ ಬಾಣಂತಿಯನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸುವ ರೂಢಿಯೂ ಉಂಟು. ಜಾನಪದದ ಪುಸ್ತಕದಲ್ಲಿ ಆ ಗುಡಿಸಲು ಮಡಿಮೈಲಿಗೆಯ ಅಧ್ಯಾಯಕ್ಕೆ ಸೇರುತ್ತದೆ. ಆರೋಗ್ಯ ಇಲಾಖೆಯ ಕಡತದಲ್ಲಿ ತಾಯಿ-ಮಗುವಿನ ಜೀವದ ಲೆಕ್ಕಕ್ಕೆ ಸೇರುತ್ತದೆ. ಹಟ್ಟಿಯ ದೇವರ ನಂಬಿಕೆಯನ್ನು ಒಳಗಿನಿಂದ ಅರಿತ ಜಾನಪದದವರು ಆಶಾ ಕಾರ್ಯಕರ್ತೆಯ ಜೊತೆ ಒಂದು ಸಂಜೆ ಅಲ್ಲಿ ಕೂತು ಮಾತಾಡಿದರೆ ಹತ್ತು ಸುತ್ತೋಲೆಗಳಿಂದ ಆಗದ್ದು ಆದೀತು. ಚಳಿಯಲ್ಲಿ ಮಗು ನಡುಗುವುದನ್ನು ನಂಬಿಕೆ ಎಂದು ಗೌರವಿಸಿ ಸುಮ್ಮನಿರುವುದು ನನ್ನಿಂದಾಗದು.

ಹಟ್ಟಿಯಿಂದ ಕಾಡಿಗೆ ಬಂದರೆ, ಪಕ್ಕದ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತವರ ತಂಡ ಕ್ಯಾಮೆರಾ ಕಟ್ಟಿ ಚಿಂಕಾರ ಎಂಬ ಹುಲ್ಲೆಯ ಚಿತ್ರ ಹಿಡಿದರು. 2019ರಲ್ಲಿ ಆ ಕಾಡು ಚಿಂಕಾರ ಅಭಯಾರಣ್ಯವಾಯಿತು. ಕುರಿ ಮೇಯಿಸುವವರಿಗೆ ಆ ಪ್ರಾಣಿ ಹೊಸದೇನಲ್ಲ. ಆದರೆ ಚಿತ್ರ, ದಿನಾಂಕ, ಜಾಗ ಬರೆದಿಟ್ಟ ಮೇಲೆಯೇ ಸರ್ಕಾರ ಕಣ್ಣು ತೆರೆದದ್ದು. ಬರೆದಿಟ್ಟದ್ದಕ್ಕೆ ಇರುವ ಬಲ ಅದು.

ಆ ಬಲ ಊರಿನವರ ಕೈಯಲ್ಲಿ ಇದೆಯೇ? ನೀರಿನ ಮಾತನ್ನೇ ನೋಡಿ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಜನ ಹಬ್ಬದ ಹಾಗೆ ನೋಡಲು ಹೋದರು. ಅತ್ತ ಜವನಗೊಂಡನಹಳ್ಳಿ ಹೋಬಳಿಯ ರೈತರು ಗಾಯತ್ರಿ ಜಲಾಶಯಕ್ಕೆ, ತಮ್ಮ ಕೆರೆಗಳಿಗೆ ನೀರು ಕೊಡಿ ಎಂದು ಧರಣಿ ಕೂತರು. ಎಷ್ಟು ನೀರು ಎಲ್ಲಿಂದ ಬರುತ್ತದೆ, ಅಂತರ್ಜಲ ಎಷ್ಟು ಕುಸಿದಿದೆ, ಯಾವ ಕೆರೆ ತುಂಬಿದರೆ ಯಾವ ಬಾವಿಗೆ ಊಟೆ ಬರುತ್ತದೆ ಎಂಬ ಅಧ್ಯಯನಗಳು ಕಚೇರಿಗಳಲ್ಲಿ, ವಿಶ್ವವಿದ್ಯಾಲಯಗಳ ಕಪಾಟುಗಳಲ್ಲಿ ಇಂಗ್ಲಿಷಿನಲ್ಲಿ ಕೂತಿರುತ್ತವೆ. ಅಳತೆಗೆ ತನ್ನ ಬೋರಿನ ನೀರು ಕೊಟ್ಟ ರೈತ ಮಾತ್ರ ಬರಿಗೈಯಲ್ಲಿ ಧರಣಿಗೆ ಕೂರುತ್ತಾನೆ. "ಬರ್ತಾರೆ ಸ್ವಾಮಿ, ಕೇಳ್ತಾರೆ, ಬರ್ಕೊಂಡು ಹೋಗ್ತಾರೆ. ಆಮೇಲೇನಾಯ್ತು ಅಂತ ಯಾರೂ ಹೇಳಾಕ್ ಬರಲ್ಲ" ಎಂಬ ಮಾತು ಈ ಕಡೆಯ ಯಾವ ಅರಳಿಕಟ್ಟೆಯಲ್ಲಿ ಕೂತರೂ ಕೇಳುತ್ತದೆ. ಅದು ನ್ಯಾಯವಾದ ದೂರು.

ಈ ಸೀಮೆಗೆ ಪಿಎಚ್‌ಡಿಗೋ ಯೋಜನೆಗೋ ಬರುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಬನ್ನಿ, ಕೇಳಿ, ಅಳೆಯಿರಿ. ಜನ ಮಜ್ಜಿಗೆ ಕೊಟ್ಟು ಕೂರಿಸಿ ಮಾತಾಡುತ್ತಾರೆ. ಕೆಲಸ ಮುಗಿದ ಮೇಲೆ ಕಂಡದ್ದನ್ನು ನಾಲ್ಕು ಪುಟ ಕನ್ನಡದಲ್ಲಿ ಬರೆದು ಆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಸಾಧ್ಯವಾದರೆ ಗ್ರಾಮಸಭೆಯ ದಿನ ನೀವೇ ಬಂದು ಓದಿ ಹೇಳಿ. ನಿಮಗಿಂತ ಮೊದಲು ಅದೇ ಊರಿಗೆ ಬಂದವರು ಬಿಟ್ಟುಹೋದ ಪುಟಗಳಿದ್ದರೆ ಅವನ್ನೂ ಅಲ್ಲೇ ಕೂತು ಓದಿ.