ಗಂಡುಬೀರಿಯ ಬಳೆಗಳು

ಬಾಲ್ಯದಲ್ಲಿ ನಾವು ಅಣ್ಣಂದಿರೊಡನೆ ಚಿನ್ನಿದಾಂಡು, ಲಗೋರಿಗಳನ್ನಾಡಿ, ಪೇರಲೆಮರವೇರಿ ಮೊಣಕಾಲು ತರಚಿಕೊಂಡು "ಗಂಡುಬೀರಿ" ಎಂಬ ಬಿರುದನ್ನು ಸಂಪಾದಿಸಿದ್ದೆವು. ಸಂಜೆ ಅದೇ ಕೈಗಳು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದವು. ಗಾಜಿನ ಬಳೆಗಳ ಸದ್ದೂ ಸೀರೆಯ ನೆರಿಗೆಯೂ ನಮಗೆ ಬಲು ಪ್ರಿಯವಾಗಿದ್ದವು. ಇವೆರಡರಲ್ಲಿ ಒಂದನ್ನು ತ್ಯಜಿಸಬೇಕೆಂದು ನಮಗೆಂದೂ ತೋರಲಿಲ್ಲ. ನೆರೆಯವರು ಮಾತ್ರ, ಹುಡುಗಿಗೆ 12 ತುಂಬಿತು, ಇನ್ನು ಆಟ ಸಾಕು ಎಂದರು. ನಮ್ಮ ತಾಯಿಯವರಾದರೋ ಜಡೆಯನ್ನು ಬಿಗಿಯಾಗಿ ಹೆಣೆದು, ಹೂ ಮುಡಿಸಿ, ಬಯಲಿಗೆ ಕಳುಹಿಸಿದರು.

ಆಟದ ಬಯಲು ಹೆಣ್ಣುಮಕ್ಕಳಿಗೆ ಪರಕೀಯವಲ್ಲ. 1976ರಲ್ಲಿ ಪಾಟ್ನಾದಲ್ಲಿ ಭಾರತದ ಮಹಿಳಾ ಕ್ರಿಕೆಟ್ ತಂಡವು ಪ್ರಥಮ ಟೆಸ್ಟ್ ಜಯವನ್ನು ಪಡೆದಾಗ ನಾಯಕಿಯಾಗಿದ್ದವರು ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಗಳು ದೊಡ್ಡವಳಾದಳೆಂದು ಆಟವನ್ನು ಬಿಡಿಸಬೇಡಿರಿ, ಆಟಗಾರ್ತಿಯಾದಳೆಂದು ಅವಳ ಹೂವು ಬಳೆಗಳನ್ನು ಹಾಸ್ಯಮಾಡಲೂಬೇಡಿರಿ.