ಪಕ್ಕದಲ್ಲಿ ಕುಳಿತವನು

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ನೆರೆಹೊರೆಯವರೆಲ್ಲ ಬಂದು ವಿಚಾರಿಸುವರು. ಮನಸ್ಸಿಗೆ ಬೇನೆ ಬಂದರೆ ಮಾತ್ರ ನಾವು ಮುಂಬಾಗಿಲನ್ನೇ ಮುಚ್ಚಿಕೊಳ್ಳುವೆವು. ನನ್ನ ತವರುಮನೆಯಲ್ಲಿಯೂ ಹೀಗೆಯೇ ನಡೆಯಿತು. ನನ್ನ ಚಿಕ್ಕಮ್ಮ ಹೆತ್ತ ಮಗುವನ್ನು ಕಳೆದುಕೊಂಡ ಮೇಲೆ ಮಾತು ಬಿಟ್ಟಳು. ಹಿತ್ತಲ ಕಡೆಯ ಕೋಣೆಯೇ ಅವಳ ಪ್ರಪಂಚವಾಯಿತು. ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಬರುವ ಕೆಲಸ ಹುಡುಗಿಯಾದ ನನ್ನದು. ಒಂದು ದಿನವಾದರೂ ನಾನು ಅವಳ ಪಕ್ಕದಲ್ಲಿ ಕುಳಿತವಳಲ್ಲ. ಮುಂದೆ ಮನೋರೋಗಿಗಳ ಶುಶ್ರೂಷೆಯನ್ನೇ ವೃತ್ತಿಯಾಗಿ ಆರಿಸಿಕೊಂಡುದಕ್ಕೆ ಆ ಕೋಣೆಯೇ ಕಾರಣವೆಂದು ಈಗ ತೋರುತ್ತದೆ. ಆದರೆ ಶಾಲೆಯಲ್ಲಿ ಕಲಿತ ವಿದ್ಯೆಯೇ ಬೇರೆ, ಅನುಭವದಿಂದ ಬಂದ ತಿಳಿವೇ ಬೇರೆ. ಆ ಎರಡನೆಯದನ್ನು ನನಗೆ ಕೊಟ್ಟವನು, ನನ್ನ ಕೈಕೆಳಗೆ ಕೆಲಸ ಕಲಿಯಲು ಬಂದಿದ್ದ ಒಬ್ಬ ವಿದ್ಯಾರ್ಥಿ.

ಬೆಂಗಳೂರಿನಲ್ಲಿ ಶಿಕ್ಷಣ ಮುಗಿಸಿ, ಯಜಮಾನರ ಉದ್ಯೋಗದ ನಿಮಿತ್ತ ಆಸ್ಟ್ರೇಲಿಯಕ್ಕೆ ಹೋದ ನಾನು, ನ್ಯೂ ಸೌತ್ ವೇಲ್ಸ್ ಸಂಸ್ಥಾನದ ಒಳನಾಡಿನ ಒಂದು ಆಸ್ಪತ್ರೆಯನ್ನು ಸೇರಿದೆನು. ಆ ಸೀಮೆ ವಿರಾಜುರಿ ಎಂಬ ಮೂಲನಿವಾಸಿ ಜನರದು. ಅಲ್ಲಿಯ ವಾಗ ವಾಗ ಪಟ್ಟಣದಲ್ಲಿ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾನಿಲಯವಿದೆ. ಮೂಲನಿವಾಸಿಗಳನ್ನೇ ಮಾನಸಿಕ ಆರೋಗ್ಯದ ಕೆಲಸಕ್ಕೆ ಸಿದ್ಧಗೊಳಿಸಬೇಕೆಂದು 1993ರಲ್ಲಿ ಆರಂಭವಾದ ಜಿರುವಾಂಗ್ ಎಂಬ ಶಿಕ್ಷಣಕ್ರಮವು ಅಲ್ಲಿ ನೆಲೆಗೊಂಡಿತು. ಅದು ಮೂರು ವರ್ಷದ ಪದವಿ. ವಿದ್ಯಾರ್ಥಿಗಳಲ್ಲಿ ಅನೇಕರು ಮಕ್ಕಳೊಂದಿಗರಾದ ಗೃಹಸ್ಥರು. ಮನೆಮಠ ಬಿಟ್ಟು ವರ್ಷಗಟ್ಟಲೆ ಹೊರಗಿರಲಾರರು. ಆದುದರಿಂದ ವರ್ಷದಲ್ಲಿ ಕೆಲವು ಸಲ ಬಂದು, ಕೆಲವು ದಿನ ನಿಂತು ಪಾಠ ಕೇಳಿ, ಮಿಕ್ಕ ಕಾಲವೆಲ್ಲ ತಮ್ಮ ಊರಿನಲ್ಲಿಯೇ ಕೆಲಸ ಮಾಡುತ್ತ ಕಲಿಯುವರು. 2007ರಿಂದ ಸಂಸ್ಥಾನದ ಸರ್ಕಾರವು ಅಂಥವರಿಗೆ ಸಂಬಳದ ನೌಕರಿಯನ್ನು ಕೊಟ್ಟು ಓದಿಸುವ ಏರ್ಪಾಡನ್ನೂ ಮಾಡಿತು.

2011ರಲ್ಲಿ ಹೀಗೆ ಬಂದವನು ಈ ವಿದ್ಯಾರ್ಥಿ. ಮೂವತ್ತೈದು ದಾಟಿದವನು, ಮೂರು ಮಕ್ಕಳ ತಂದೆ, ಮಿತಭಾಷಿ. ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದನು. ಬಂದ ಎರಡು ತಿಂಗಳೊಳಗೆ ಎರಡು ಸಲ ಕೆಲಸ ತಪ್ಪಿಸಿದನು. ಮೊದಲು ಸೋದರಮಾವನ ಸಾವು, ಆಮೇಲೆ ದಾಯಾದಿಗಳ ಮನೆಯ ಅಜ್ಜಿಯ ಸಾವು. ಬರೆದು ಕೊಡಬೇಕಾದ ಪ್ರಬಂಧವೂ ತಡವಾಯಿತು. ನಾನೋ ಗಡಿಯಾರವನ್ನು ನಂಬಿದವಳು. “ಹಾಜರಿ ಸರಿಯಿಲ್ಲ, ಮುಂದುವರಿಸುವ ವಿಷಯವನ್ನು ಪುನರಾಲೋಚಿಸಬೇಕು” ಎಂದು ವರದಿ ಬರೆದು ಮೇಜಿನೊಳಗಿಟ್ಟೆನು. ಅದು ಮೇಲಕ್ಕೆ ಹೋಗಿದ್ದರೆ ಅವನ ಓದು, ಅನ್ನ ಎರಡಕ್ಕೂ ಸಂಚಕಾರ ಬರುತ್ತಿತ್ತು.

ಆ ವಾರವೇ ಒಬ್ಬ ಮೂಲನಿವಾಸಿ ಮುದುಕಿಯನ್ನು ಕರೆತಂದರು. ಆಕೆ ಯಾರ ಮುಖವನ್ನೂ ನೋಡಳು, ಕೇಳಿದುದಕ್ಕೆ ಉತ್ತರ ಕೊಡಳು. ಕಿಟಕಿಯ ಕಡೆ ತಿರುಗಿ ಯಾರೊಡನೆಯೋ ಮೆಲ್ಲನೆ ಮಾತನಾಡುವಳು. ನಾನು ಪ್ರಶ್ನೆಗಳ ಪಟ್ಟಿಯನ್ನು ಹಿಡಿದು ಒಂದೊಂದಾಗಿ ಕೇಳಿ, “ಇಲ್ಲದ ಧ್ವನಿ ಕೇಳುತ್ತಾಳೆ, ಸಹಕರಿಸುವುದಿಲ್ಲ” ಎಂದು ಗುರುತು ಹಾಕಿಕೊಂಡೆನು. ವಿದ್ಯಾರ್ಥಿಯು, “ಅಕ್ಕ, ನಾನು ಸ್ವಲ್ಪ ಹೊತ್ತು ಕುಳಿತಿರಲೆ?” ಎಂದನು. ಆಕೆಯನ್ನು ಹಿರಿಯರಿಗೆ ಸಲ್ಲುವಂತೆ ‘ಆಂಟಿ’ ಎಂದು ಕರೆದು, ಅಂಗಳದ ಮರದ ಕೆಳಗೆ ಕರೆದೊಯ್ದನು. ಎದುರಿಗೆ ಕೂರದೆ ಪಕ್ಕದಲ್ಲಿ ಕುಳಿತನು. ಅರ್ಧ ಗಂಟೆ ಇಬ್ಬರೂ ಮಾತಿಲ್ಲದೆ ದೂರ ನೋಡುತ್ತಿದ್ದರು. ಆಮೇಲೆ ತನ್ನ ತಾಯಿ ಯಾವ ಕಡೆಯವಳು, ಅಜ್ಜ ಯಾವ ನದಿಯ ದಡದವನು ಎಂದು ತನ್ನ ಪರಿಚಯವನ್ನೇ ಹೇಳತೊಡಗಿದನು. ಮುದುಕಿ ಮೆಲ್ಲನೆ ತನ್ನದನ್ನು ಹೇಳಿದಳು.

ಆಕೆಯ ತಂಗಿ ತೀರಿಕೊಂಡು ಇಪ್ಪತ್ತು ದಿನವೂ ಆಗಿರಲಿಲ್ಲ. ಕಿಟಕಿಯ ಬಳಿ ಆಕೆ ಮಾತನಾಡುತ್ತಿದ್ದುದು ಆ ತಂಗಿಯೊಡನೆ. ಇನ್ನೊಂದು ಸಂಗತಿಯೂ ಇತ್ತು. ಸುಮಾರು 1910ರಿಂದ 1970ರ ವರೆಗೆ ಆ ದೇಶದ ಅಧಿಕಾರಿಗಳು ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬಿಡಿಸಿ ಒಯ್ಯುತ್ತಿದ್ದರು. ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳು ಹೀಗೆ ಹೋದರೆಂದು 1997ರ ವಿಚಾರಣಾ ವರದಿಯು ಅಂದಾಜು ಮಾಡಿತು. 2008ರ ಫೆಬ್ರವರಿ 13ರಂದು ಪ್ರಧಾನಮಂತ್ರಿಗಳೇ ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದರು. ಈ ಅಕ್ಕತಂಗಿಯರು ಅಂಥ ಮಕ್ಕಳು. ಪಟ್ಟಿ ಹಿಡಿದು ಪ್ರಶ್ನೆ ಕೇಳುವವರನ್ನು ಕಂಡರೆ ಆಕೆ ಬಾಯಿ ಮುಚ್ಚಿಕೊಳ್ಳುವುದರಲ್ಲಿ ಆಶ್ಚರ್ಯವೇನು?

ಧ್ವನಿ ಕೇಳುವುದೆಲ್ಲವೂ ದುಃಖವೆಂದು ನಾನು ಹೇಳುತ್ತಿಲ್ಲ. ರೋಗವು ರೋಗವೇ, ಔಷಧವು ಬೇಕಾದೆಡೆ ಬೇಕೇ ಬೇಕು. ಅದನ್ನೂ ಆ ವಿದ್ಯಾರ್ಥಿ ಓದಿ ಬಲ್ಲನು. ರಾತ್ರಿ ಆಕೆಗೆ ನಿದ್ರೆಯಿಲ್ಲ, ಊಟ ಸೇರದು, ಇದಕ್ಕೆ ಚಿಕಿತ್ಸೆ ಬೇಕೆಂದು ವೈದ್ಯರಿಗೆ ತಿಳಿಸಿದವನೂ ಅವನೇ. ವೈದ್ಯರು ಮೊದಲಿನ ತೀರ್ಮಾನವನ್ನು ಬದಲಿಸಿ, ಮನೆಯವರನ್ನು ಕರೆಯಿಸಿ, ಬೇರೆ ಕ್ರಮವನ್ನು ಹಿಡಿದರು. ಎರಡೂ ಭಾಷೆ ಬಲ್ಲವನೊಬ್ಬ ನಡುವೆ ನಿಲ್ಲದಿದ್ದರೆ ಆಕೆಯ ಗತಿ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಆ ಸಂಜೆ ನನ್ನ ವರದಿಯನ್ನು ಹೊರತೆಗೆದು ಓದಿದೆನು. ಅವರಲ್ಲಿ ಸಾವಿನ ಮನೆಗೆ ಹೋಗುವುದು ಬಿಡಲಾಗದ ಋಣ. ದೂರದ ನೆಂಟನೂ ಹೋಗಲೇಬೇಕು. ನಮ್ಮಲ್ಲಿ ಸೂತಕ ಬಂದರೆ ಹದಿಮೂರು ದಿನ ನಮ್ಮನ್ನು ಯಾರು ಏನು ಕೇಳುವರು? ನನ್ನ ತಂದೆ ತೀರಿಕೊಂಡಾಗ ನಾನು ಒಂದು ತಿಂಗಳು ರಜೆ ಪಡೆದವಳಲ್ಲವೆ? ನನಗೆ ಸಲ್ಲುವುದು ಅವನಿಗೆ ಏಕೆ ಸಲ್ಲಬಾರದು? ವರದಿಯನ್ನು ಹರಿದು, ಪ್ರಬಂಧಕ್ಕೆ ಹೆಚ್ಚು ಕಾಲ ಕೊಡಬೇಕೆಂದು ಬೇರೊಂದು ಕಾಗದ ಬರೆದೆನು. ಅವನು ಪದವಿ ಮುಗಿಸಿ ತನ್ನ ಊರಿನಲ್ಲಿಯೇ ಕೆಲಸಕ್ಕೆ ನಿಂತನು. ನಾನು ಬರೆದಿಟ್ಟಿದ್ದುದು ಅವನಿಗೆ ಇಂದಿಗೂ ತಿಳಿಯದು.

ಆ ವರ್ಷದ ರಜೆಯಲ್ಲಿ ನಾನು ತವರಿಗೆ ಬಂದೆನು. ಚಿಕ್ಕಮ್ಮ ಇನ್ನೂ ಅದೇ ಕೋಣೆಯಲ್ಲಿದ್ದಳು. ತಟ್ಟೆಯನ್ನು ಹೊಸ್ತಿಲಲ್ಲಿಡದೆ ಒಳಗೆ ಹೋಗಿ, ಏನನ್ನೂ ಕೇಳದೆ ಪಕ್ಕದಲ್ಲಿ ಕುಳಿತೆನು. ನಾಲ್ಕನೆಯ ದಿನ ಅವಳು, “ನಿನ್ನದು ಊಟವಾಯಿತೇನೇ?” ಎಂದಳು. ಆಮೇಲೆ ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ ತೋರಿಸಿದೆವು. ಪೂರ್ತಿ ಗುಣವಾಯಿತೆನ್ನಲಾರೆ, ಜಗಲಿಗೆ ಬಂದು ಕೂರುವಷ್ಟಾದಳು.

ನಮ್ಮ ನಾಡಿನಲ್ಲಿಯೂ ಈ ದಾರಿ ಹೊಸದೇನಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತು ಕೊಟ್ಟು ಹಳ್ಳಿಯಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ದೊರೆಯುವಂತೆ ಮಾಡಿತು. 1996ರಲ್ಲಿ ದೇಶದ ಇತರ ಜಿಲ್ಲೆಗಳಿಗೆ ಅದೇ ಮಾದರಿಯಾಯಿತು. ನಮ್ಮ ಕಾಡಿನ ಹಾಡಿಗಳಿಂದಲೂ ಹುಡುಗ ಹುಡುಗಿಯರು ಈ ವಿದ್ಯೆಗೆ ಬರಲಿ. ತಮ್ಮವರ ಮೌನವನ್ನು ಅವರಷ್ಟು ಬಲ್ಲವರು ಬೇರೆ ಯಾರು? ಅವರು ಬರುವ ತನಕ ನಮ್ಮ ಮನೆಗಳಲ್ಲಿ ನಾವು ಮಾಡಬಹುದಾದುದು ಒಂದುಂಟು. ವಾಚಕರ ಮನೆಯಲ್ಲಿ ಅಂಥ ಕೋಣೆಯೊಂದಿದ್ದರೆ, ಇಂದು ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹಿಂದಿರುಗಬೇಡಿರಿ.